ಅಲ್ಲಿ ಮಾತ್ರ ಆಗುವ ಕೆಲಸ



ಮನೆಯ ಮಗನೋ ಮಗಳೋ ವಿದೇಶಕ್ಕೆ ಓದಲು ಹೊರಟರೆ ಬಳಗಕ್ಕೆ ಬಳಗವೇ ಸಲಹೆ ಕೊಡಲು ನಿಲ್ಲುತ್ತದೆ. ಅರ್ಜಿ ಹಾಕುವುದು ಹೇಗೆ, ಸಾಲ ಎಲ್ಲಿ ಸಿಗುತ್ತದೆ, ವೀಸಾಕ್ಕೆ ಏನೇನು ಕಾಗದ ಬೇಕು, ಚಟ್ನಿಪುಡಿ ಎಷ್ಟು ಕಟ್ಟಿಕೊಡಬೇಕು ಎಂಬುದನ್ನೆಲ್ಲ ಹೇಳುವವರು ಬೇಕಾದಷ್ಟು ಜನ. ಓದು ಮುಗಿಸಿ ತಿರುಗಿ ಬರುವ ಮೊದಲಿನ ಐದಾರು ವಾರ ಹೇಗೆ ಕಳೆಯಬೇಕು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಒಂದು ಕಡೆ ಪರೀಕ್ಷೆ, ಪ್ರಬಂಧ. ಇನ್ನೊಂದು ಕಡೆ ನೋಡದೇ ಉಳಿದ ಊರುಗಳು. ಮತ್ತೊಂದು ಕಡೆ ಖಾಲಿ ಮಾಡಬೇಕಾದ ಕೋಣೆ. ಈ ಮೂರರ ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಯ ಬಗ್ಗೆ ಇವತ್ತು ನಾಲ್ಕು ಮಾತು.

ಜರ್ಮನಿಯಲ್ಲಿ ಓದುವ ವಿದೇಶಿಯರಲ್ಲಿ ಈಗ ಭಾರತೀಯರೇ ಎಲ್ಲರಿಗಿಂತ ಹೆಚ್ಚು. 2023–24ರಲ್ಲೇ ಅವರ ಸಂಖ್ಯೆ 49 ಸಾವಿರ ದಾಟಿತ್ತು. ಬಹುಪಾಲು ಜನ ಪೂರ್ತಿ ಪದವಿಗೆಂದು ಹೋದವರು. ವಿನಿಮಯ ಯೋಜನೆಯಲ್ಲಿ ಒಂದೇ ಸೆಮಿಸ್ಟರಿಗೆ ಹೋಗಿ ಬರುವವರೂ ಇದ್ದಾರೆ. ನಾನು ಹಾಗೆ ಹೋಗಿದ್ದವಳು. ಊರು ಟ್ಯೂಬಿಂಗನ್. ನೆಕಾರ್ ನದಿಯ ದಂಡೆಯ ಮೇಲೆ ಸುಮಾರು 90 ಸಾವಿರ ಜನರ ಪಟ್ಟಣ. ವಿಶ್ವವಿದ್ಯಾಲಯ ಆರಂಭವಾದದ್ದು 1477ರಲ್ಲಿ. ಅಂದರೆ ವಿಜಯನಗರವನ್ನು ಇನ್ನೂ ಸಂಗಮ ವಂಶದವರೇ ಆಳುತ್ತಿದ್ದ ಕಾಲ. ಖಗೋಳವಿಜ್ಞಾನಿ ಕೆಪ್ಲರ್ ಓದಿದ್ದು ಇಲ್ಲಿ, ತತ್ತ್ವಜ್ಞಾನಿ ಹೆಗೆಲ್ ಓದಿದ್ದು ಇಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ ಹರ್ಮನ್ ಮೊಗ್ಲಿಂಗ್ ಕೂಡ ಇಲ್ಲಿಯ ವಿದ್ಯಾರ್ಥಿ. ನಿಘಂಟಿನ ಕಿಟ್ಟೆಲ್ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದೂ ಇದೇ ಊರಿನಲ್ಲಿ.

ಅಲ್ಲಿಯ ಬೇಸಿಗೆ ಸೆಮಿಸ್ಟರ್ ಕಾಗದದ ಮೇಲೆ ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ. ತರಗತಿಗಳು ನಡೆಯುವುದು ಮಾತ್ರ ಏಪ್ರಿಲ್ ನಡುವಿನಿಂದ ಜುಲೈ ಕೊನೆಯತನಕ. ಲಿಖಿತ ಪರೀಕ್ಷೆಗಳು ಜುಲೈ ಕೊನೆಗೆ ಒಂದರ ಹಿಂದೆ ಒಂದು ಬರುತ್ತವೆ. ಸೆಮಿನಾರಿನ ಪ್ರಬಂಧ ಒಪ್ಪಿಸಲು ಅನೇಕ ವಿಭಾಗಗಳಲ್ಲಿ ಸೆಪ್ಟೆಂಬರ್‌ವರೆಗೂ ಸಮಯ ಕೊಡುತ್ತಾರೆ. ಇದೇ ಜುಲೈನಲ್ಲಿ ಅಲ್ಲಿ ಹವೆ ಚೆನ್ನಾಗಿರುತ್ತದೆ, ರಾತ್ರಿ ಒಂಬತ್ತು ದಾಟಿದರೂ ಬೆಳಕು ಇರುತ್ತದೆ, ನೆಕಾರ್ ನದಿಯಲ್ಲಿ ಉದ್ದ ಗಳ ಹಿಡಿದು ದೋಣಿ ನಡೆಸುವವರು ಸಂಜೆಯಿಡೀ ಕೂಗಾಡುತ್ತಿರುತ್ತಾರೆ. ಓದಲು ಕೂರಬೇಕಾದ ಹೊತ್ತು, ಹೊರಗೆ ತಿರುಗಬೇಕೆನಿಸುವ ಹೊತ್ತು ಎರಡೂ ಒಟ್ಟಿಗೇ ಬರುತ್ತವೆ.

ಇದಕ್ಕೆ ಒಂದು ಲೆಕ್ಕಾಚಾರವೂ ಸೇರಿಕೊಂಡಿದೆ. ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್. ಜರ್ಮನಿಯಲ್ಲಿ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 30 ಗಂಟೆಗಳ ಕೆಲಸ. ಹಾಗಾದರೆ ಒಟ್ಟು 900 ಗಂಟೆ. ಆದರೆ ಒಂಬತ್ತು ಕ್ರೆಡಿಟ್ಟಿನ ಒಂದು ಸೆಮಿನಾರಿಗೆ ವಾರಕ್ಕೆ ಕೂರಬೇಕಾದದ್ದು ಒಂದೂವರೆ ಗಂಟೆ ಮಾತ್ರ. 270 ಗಂಟೆಗಳ ಬಾಬ್ತಿನಲ್ಲಿ ತರಗತಿಯೊಳಗೆ ಮುಗಿಯುವುದು ಚೂರೇ ಚೂರು. ಉಳಿದದ್ದೆಲ್ಲ ನಾವೇ ಓದಿ, ಟಿಪ್ಪಣಿ ಮಾಡಿ, ಬರೆದು ತೀರಿಸಬೇಕು. ನಮ್ಮ ಕಡೆಯ ಕಾಲೇಜಿನಲ್ಲಿ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ತರಗತಿಯಲ್ಲಿ ಕೂತು ಬಂದವರಿಗೆ ಆ ವೇಳಾಪಟ್ಟಿ ರಜೆಯಂತೆಯೇ ಕಾಣುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಡುವು ಎಂದುಕೊಂಡ ಗಂಟೆಗಳೆಲ್ಲ ಜುಲೈನಲ್ಲಿ ಸಾಲ ವಸೂಲಿಗೆ ಬಂದು ನಿಲ್ಲುತ್ತವೆ.

ಅಂಕದ ಪದ್ಧತಿಯೂ ನಮಗೆ ತಲೆಕೆಳಗು. ಅಲ್ಲಿ 1.0 ಎಂದರೆ ಅತ್ಯುತ್ತಮ, 4.0 ಎಂದರೆ ಪಾಸು, 5.0 ಎಂದರೆ ಫೇಲು. ‘ಅವ್ವಾ, 1.3 ಬಂತು’ ಎಂದು ಖುಷಿಯಿಂದ ಫೋನ್ ಮಾಡಿದರೆ ಈ ಕಡೆಯಿಂದ ‘ಇರಲಿ ಬಿಡವಾ, ಮುಂದಿನ ಸಲ ಛಲೋ ಓದು’ ಎಂಬ ಸಮಾಧಾನದ ಮಾತು ಬರುತ್ತದೆ.

ಪರೀಕ್ಷೆ ಮತ್ತು ಪ್ರಬಂಧ ಎರಡರಲ್ಲಿ ಪರೀಕ್ಷೆಯದು ಅಷ್ಟು ಚಿಂತೆಯಿಲ್ಲ. ಅದಕ್ಕೆ ತಾರೀಖು ಇದೆ, ಕೋಣೆ ಇದೆ, ಗಂಟೆ ಇದೆ. ಅದರ ಹಿಂದಿನ ವಾರ ಯಾರೂ ಪ್ಯಾರಿಸ್ಸಿಗೆ ಹೋಗುವುದಿಲ್ಲ. ತನ್ನ ಜಾಗವನ್ನು ತಾನೇ ಕಾದುಕೊಳ್ಳುವ ಶಕ್ತಿ ಪರೀಕ್ಷೆಗಿದೆ. ಪ್ರಬಂಧದ ತಾರೀಖು ದೂರದಲ್ಲಿರುವುದರಿಂದ ಅದಕ್ಕೆ ಆ ಶಕ್ತಿ ಇಲ್ಲ. ‘ಇನ್ನೂ ಎರಡು ತಿಂಗಳಿದೆಯಲ್ಲ, ಊರಿಗೆ ಹೋಗಿ ಬರೆದರಾಯಿತು’ ಎಂದುಕೊಂಡು ಪುಸ್ತಕ ಮುಚ್ಚಿ ಚೀಲ ತುಂಬುವವರೇ ಹೆಚ್ಚು. ಹಾಗಾಗಿ ತಿರುಗಾಟ ತಿಂದುಹಾಕುವುದು ಪರೀಕ್ಷೆಯನ್ನಲ್ಲ, ಪ್ರಬಂಧವನ್ನು.

ಇಲ್ಲಿ ಒಂದು ಪ್ರಶ್ನೆ ಕೇಳಿಕೊಂಡರೆ ಗಂಟು ಬಹಳಷ್ಟು ಸಡಿಲವಾಗುತ್ತದೆ. ಈ ಕೆಲಸದಲ್ಲಿ ಈ ಊರಲ್ಲಿ ಮಾತ್ರ ಆಗುವುದು ಯಾವುದು, ಎಲ್ಲಿ ಬೇಕಾದರೂ ಆಗುವುದು ಯಾವುದು? ಪ್ರಬಂಧವನ್ನೇ ತೆಗೆದುಕೊಳ್ಳಿ. ಬರೆಯುವುದು ಎಲ್ಲಾದರೂ ಆದೀತು. ಪ್ರಾಧ್ಯಾಪಕರ ಎದುರು ಕೂತು ವಿಷಯ ಗಟ್ಟಿಮಾಡಿಕೊಳ್ಳುವುದು ಅಲ್ಲಿ ಮಾತ್ರ, ಅದೂ ತರಗತಿಗಳು ನಡೆಯುತ್ತಿರುವಾಗ ಮಾತ್ರ. ಆಗಸ್ಟ್ ಬಂತೆಂದರೆ ವಿಭಾಗದ ಓಣಿಯಲ್ಲಿ ಬಾಗಿಲುಗಳೆಲ್ಲ ಮುಚ್ಚಿರುತ್ತವೆ.

ನಾನು ಬರೆಯಬೇಕಿದ್ದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದ ಬಗ್ಗೆ. ವಾರಕ್ಕೊಂದು ಮಧ್ಯಾಹ್ನ ಭೇಟಿಯ ಹೊತ್ತು. ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಹೆಸರು ಬರೆದು ಬರಬೇಕು, ಒಬ್ಬೊಬ್ಬರಿಗೆ ಕಾಲು ಗಂಟೆ. ನಾನು ವಿಷಯವನ್ನೆಲ್ಲ ಒಪ್ಪಿಸಿದ ಮೇಲೆ ಪ್ರಾಧ್ಯಾಪಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ವಿಷಯ ಇದೆ. ಪ್ರಶ್ನೆ ಎಲ್ಲಿದೆ?’ ಎಂದರು. ನಾನು ಸುಮ್ಮನಾದೆ. ಅವರು ಗಡಿಯಾರ ನೋಡಲಿಲ್ಲ, ಕಾದರು. ಕೊನೆಗೆ ನಾನು, ಮಂಗಳೂರಿನಲ್ಲಿ 1841ರಲ್ಲಿ ಶುರುವಾದ ಆ ಮುದ್ರಣಾಲಯ ಮೊದಲು ಕಲ್ಲಚ್ಚನ್ನೇ ಯಾಕೆ ಹಿಡಿಯಿತು, ಅಚ್ಚುಮೊಳೆಗೆ ಯಾಕೆ ಕೈ ಹಾಕಲಿಲ್ಲ ಎಂದು ಕೇಳಬಹುದೇ ಎಂದೆ. ‘ಇದು ಪ್ರಶ್ನೆ. ಹದಿನೈದು ಪುಟ ಸಾಕು’ ಎಂದರು. ಆ ಕಾಲು ಗಂಟೆ ಇಮೇಲಿನಲ್ಲಿ ಸಿಗುವಂಥದ್ದಲ್ಲ. ಇಮೇಲಿನಲ್ಲಾದರೆ ‘ವಿಷಯ ಒಪ್ಪಿಗೆ’ ಎಂಬ ಒಂದು ಸಾಲು ಬರುತ್ತಿತ್ತು, ನಾನು ಐವತ್ತು ಪುಟ ಗೀಚುತ್ತಿದ್ದೆ.

ಗ್ರಂಥಾಲಯಕ್ಕೂ ಇದೇ ಪ್ರಶ್ನೆ ಹಾಕಿ. ಮಲಯಾಳಂ ನಿಘಂಟಿನ ಗುಂಡರ್ಟ್ ಅವರ ಸಂಗ್ರಹ ಟ್ಯೂಬಿಂಗನ್ ಗ್ರಂಥಾಲಯದಲ್ಲಿದೆ. ಅದನ್ನು ಡಿಜಿಟಲ್ ಮಾಡಿ 2018ರಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅದರಲ್ಲಿ ಹಳೆಯ ಕನ್ನಡ, ತುಳು ಪುಸ್ತಕಗಳೂ ಇವೆ. ಅವನ್ನು ಧಾರವಾಡದಲ್ಲಿ ಕೂತೂ ಓದಬಹುದು. ಹಾಗಿದ್ದಮೇಲೆ ಜುಲೈ ತಿಂಗಳ ಬೆಲೆಬಾಳುವ ಮಧ್ಯಾಹ್ನವನ್ನು ಅದಕ್ಕೆ ಕೊಡಬಾರದು. ಪರದೆಯ ಮೇಲೆ ಸಿಗದ ಪುಸ್ತಕಗಳನ್ನು 1912ರಲ್ಲಿ ಕಟ್ಟಿದ ಹಳೆಯ ಓದುಕೋಣೆಗೆ ತರಿಸಿಕೊಂಡು ಟಿಪ್ಪಣಿ ಮಾಡಿಕೊಳ್ಳಬೇಕು. ಮಿಷನರಿಗಳ ಪತ್ರಗಳು ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದಲ್ಲಿವೆ. ಇಂದಿನ ಜರ್ಮನ್ ಹುಡುಗರಿಗೇ ಅದು ಓದಲು ಬಾರದು. ಅದನ್ನು ಬಲ್ಲ ಹಿರಿಯರೊಬ್ಬರ ಪಕ್ಕ ಕೂತು ಅಕ್ಷರ ಗುರುತಿಸುವುದನ್ನು ಕಲಿಯುವುದಿದ್ದರೆ ಅದೂ ಅಲ್ಲಿ ಮಾತ್ರ ಆಗುವ ಕೆಲಸ.

ಇನ್ನು ತಿರುಗಾಟದ ಮಾತು. ಊರಿಗೆ ಬಂದವರನ್ನು ನೆಂಟರು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ದೇಶ ನೋಡಿದಿ?’ ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಎಷ್ಟೋ ಮಕ್ಕಳು ಕೊನೆಯ ವಾರಗಳ ಪ್ರವಾಸ ಹಾಕಿಕೊಳ್ಳುತ್ತಾರೆ. ರಾತ್ರಿ ಬಸ್ಸು, ಬೆಳಗ್ಗೆ ಒಂದು ರಾಜಧಾನಿ, ಮಧ್ಯಾಹ್ನ ಗೋಪುರದ ಮುಂದೆ ಫೋಟೊ, ಮತ್ತೆ ರಾತ್ರಿ ಬಸ್ಸು. ತಿರುಗಿ ಬಂದ ಮೇಲೆ ಎರಡು ದಿನ ನಿದ್ದೆ. ಹೀಗೆ ಹೋಗಿಬಂದವರಿಗೆ ಪ್ರಾಗ್ ಮತ್ತು ವಿಯೆನ್ನಾಗಳ ವ್ಯತ್ಯಾಸ ಹೇಳಿ ಎಂದರೆ ಫೋಟೊ ತೆಗೆದು ನೋಡುತ್ತಾರೆ. ದೊಡ್ಡ ರಾಜಧಾನಿಗಳಿಗೆ ಮುಂದೆ ಕೆಲಸದ ಮೇಲೋ ಮಧುಚಂದ್ರಕ್ಕೋ ಹೋಗಲು ಅವಕಾಶ ಇರುತ್ತದೆ. ಟ್ಯೂಬಿಂಗನ್ನಿನ ಸುತ್ತಮುತ್ತಲ ಸಣ್ಣ ಊರುಗಳಿಗೆಂದು ಯಾರೂ ಮತ್ತೆ ಟಿಕೆಟ್ ತೆಗೆಸುವುದಿಲ್ಲ. ಆದ್ದರಿಂದ ಓದಿನ ಒತ್ತಡ ಹೆಚ್ಚಿದಂತೆ ತಿರುಗಾಟ ನಿಲ್ಲಿಸಬೇಕಿಲ್ಲ, ದೂರ ಕಡಿಮೆ ಮಾಡಿಕೊಂಡರೆ ಸಾಕು.

ಇದಕ್ಕೆ ಒಳ್ಳೆಯ ಅನುಕೂಲವಿದೆ. 2023ರ ಮೇ ತಿಂಗಳಿಂದ ಜರ್ಮನಿಯಲ್ಲಿ ಇಡೀ ದೇಶಕ್ಕೆ ಒಂದೇ ಮಾಸಿಕ ಪಾಸು ಇದೆ. ಶುರುವಾದಾಗ 49 ಯೂರೊ, 2025ರಲ್ಲಿ 58 ಆಯಿತು. ಬಸ್ಸು, ಟ್ರಾಮು, ಊರಿಂದೂರಿಗೆ ಹೋಗುವ ಸಾಧಾರಣ ರೈಲು ಎಲ್ಲಕ್ಕೂ ನಡೆಯುತ್ತದೆ. ವೇಗದ ರೈಲುಗಳಿಗೆ ಮಾತ್ರ ಇಲ್ಲ. ನಿಧಾನದ ರೈಲೇ ವಿದ್ಯಾರ್ಥಿಗೆ ಒಳ್ಳೆಯದು. ಕಿಟಕಿ ಪಕ್ಕ ಕೂತು ಒಂದು ಅಧ್ಯಾಯ ಮುಗಿಸಬಹುದು. ಟ್ಯೂಬಿಂಗನ್ನಿನಿಂದ ಸ್ಟುಟ್‌ಗಾರ್ಟಿಗೆ ಹೋಗುವ ದಾರಿಯಲ್ಲೇ ಎಸ್ಲಿಂಗೆನ್ ಸಿಗುತ್ತದೆ, ಮೊಗ್ಲಿಂಗ್ 1881ರಲ್ಲಿ ಕಣ್ಣುಮುಚ್ಚಿದ ಊರು. ಟ್ಯೂಬಿಂಗನ್ನಿನ ಹೊರಗೆ ಕಾಡಿನಂಚಿನಲ್ಲಿ ಹನ್ನೆರಡನೆಯ ಶತಮಾನದ ಬೇಬೆನ್‌ಹೌಸೆನ್ ಮಠ. ಸಿಟಿ ಬಸ್ಸಿನಲ್ಲಿ ಹೋಗಿ ಊಟದ ಹೊತ್ತಿಗೆ ತಿರುಗಿ ಬರಬಹುದು. ಬೆಳಗ್ಗೆ ಹೊರಟರೆ ಉಲ್ಮ್ ಚರ್ಚಿನ 161 ಮೀಟರ್ ಗೋಪುರದ ಮೆಟ್ಟಿಲು ಹತ್ತಿ, ಇಳಿದು, ಕಾಲುನೋವಿನೊಡನೆ ರಾತ್ರಿ ಊಟಕ್ಕೆ ಹಾಸ್ಟೆಲ್ಲಿಗೆ ಬರಬಹುದು.

ಇದೇ ಪಾಸಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಜರ್ಮನ್ ರೈಲು ನಿಲ್ದಾಣದವರೆಗೂ ಹೋಗಬಹುದು. 1815ರಲ್ಲಿ ಮಿಷನ್ ಹುಟ್ಟಿದ ಊರು ಅದು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಮೂವರು ಪಾದ್ರಿಗಳನ್ನು ಕಳಿಸಿದ್ದು ಅಲ್ಲಿಂದಲೇ. ಮಿಷನ್ನಿನ ಕಾಗದಪತ್ರಗಳು ಈಗಲೂ ಅಲ್ಲಿಯ ದಾಖಲೆ ಸಂಗ್ರಹದಲ್ಲಿವೆ. ಮೊದಲೇ ಬರೆದು ಕೇಳಿಕೊಂಡು ಹೋಗಿದ್ದೆ. ಬೆಳಗ್ಗೆ ಪತ್ರಗಳನ್ನು ನೋಡಿದ್ದಾಯಿತು, ಸಂಜೆ ರೈನ್ ನದಿಯ ದಂಡೆಯಲ್ಲಿ ಕಾಲು ಚಾಚಿ ಕೂತದ್ದೂ ಆಯಿತು. ಓದು, ತಿರುಗಾಟ ಎರಡನ್ನೂ ಒಂದೇ ಟಿಕೆಟ್ಟಿಗೆ ಸೇರಿಸಲು ಬರುತ್ತದೆ. ಪ್ರಬಂಧದ ವಿಷಯ ಆರಿಸುವಾಗಲೇ ಅದನ್ನು ಯೋಚಿಸಿರಬೇಕು, ಅಷ್ಟೆ.

ಎಲ್ಲಕ್ಕಿಂತ ಹತ್ತಿರದ್ದು ಎಲ್ಲಕ್ಕಿಂತ ಕೊನೆಗೆ ಉಳಿಯುತ್ತದೆ. ಟ್ಯೂಬಿಂಗನ್ನಿನ ಸಂತೆ ಮಾಳದಿಂದ ಹತ್ತು ನಿಮಿಷ ಏರು ಹತ್ತಿದರೆ ಕೋಟೆ. ‘ಇಲ್ಲೇ ಇದೆಯಲ್ಲ, ಯಾವಾಗಾದರೂ ಹೋದರಾಯಿತು’ ಎಂದು ನೋಡದೆಯೇ ವಿಮಾನ ಹತ್ತಿದವರನ್ನು ನಾನು ಬಲ್ಲೆ. ಆ ಕೋಟೆಯ ಅಡುಗೆಮನೆ ಒಂದು ಕಾಲಕ್ಕೆ ಪ್ರಯೋಗಾಲಯವಾಗಿತ್ತು. 1869ರಲ್ಲಿ ಫ್ರೀಡ್ರಿಕ್ ಮೀಷರ್ ಎಂಬ ತರುಣ ವೈದ್ಯ ಆಸ್ಪತ್ರೆಯಲ್ಲಿ ಬಿಸಾಡುವ ಗಾಯದ ಬಟ್ಟೆಗಳನ್ನು ತರಿಸಿಕೊಂಡು, ಕೀವಿನ ಕಣಗಳಿಂದ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದ. ಇವತ್ತು ನಾವು ಡಿಎನ್‌ಎ ಎನ್ನುವುದು ಅದನ್ನೇ. ದಪ್ಪ ಗೋಡೆಯ ತಣ್ಣನೆಯ ಕೋಣೆ, ಕಮಾನಿನ ಮಾಡು. ಅದೇ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಬೃಹದಾನೆಯ ದಂತದಲ್ಲಿ ಕೆತ್ತಿದ ಪುಟ್ಟ ಕುದುರೆಯೊಂದಿದೆ, ಉದ್ದ ಐದು ಸೆಂಟಿಮೀಟರಿಗೂ ಕಡಿಮೆ, ವಯಸ್ಸು ಸುಮಾರು 40 ಸಾವಿರ ವರ್ಷ. ಕಾಲುಗಳು ಮುರಿದಿವೆ, ಕತ್ತಿನ ಬಾಗು ಮಾತ್ರ ಹಾಗೇ ಇದೆ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಜನರ ತಲೆಗಳ ಸಂದಿಯಲ್ಲಿ ಒಂದು ಚಿತ್ರ ನೋಡಲು ಇಡೀ ದಿನ ಕೊಟ್ಟವರು ಇದರ ಎದುರು ಬೇಕಾದಷ್ಟು ಹೊತ್ತು ಒಬ್ಬರೇ ನಿಲ್ಲಬಹುದು.

ಪ್ರಯಾಣದ ಎರಡು ಎಚ್ಚರಿಕೆಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಜರ್ಮನ್ ರೈಲು ಸೆಕೆಂಡು ತಪ್ಪುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. 2024ರಲ್ಲಿ ಅಲ್ಲಿಯ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಮುಟ್ಟಿದ್ದು ನೂರಕ್ಕೆ 62ರಷ್ಟು ಮಾತ್ರ. ಪರೀಕ್ಷೆಯ ಹಿಂದಿನ ರಾತ್ರಿ, ವಿಮಾನದ ದಿನ ಬೆಳಗ್ಗೆ ರೈಲನ್ನು ನಂಬಿ ಕೂರಬೇಡಿ. ಎರಡನೆಯದು, ಜರ್ಮನಿಯ ವಾಸದ ಪರವಾನಗಿ ಇದ್ದವರು ಷೆಂಗೆನ್ ಒಪ್ಪಂದದ ಉಳಿದ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ ತಿರುಗಬಹುದು. ಇಂಗ್ಲೆಂಡ್, ಐರ್ಲೆಂಡ್ ಅದರಲ್ಲಿ ಸೇರಿಲ್ಲ, ಬೇರೆ ವೀಸಾ ಬೇಕು. ಪರವಾನಗಿಯ ತಾರೀಖು ಮುಗಿದ ಮೇಲೆ ‘ಇನ್ನೆರಡು ದಿನ ಇದ್ದು ಹೋಗುತ್ತೇನೆ’ ಎನ್ನಲು ಬರುವುದಿಲ್ಲ.

ಮೂರನೆಯ ಕೆಲಸ ಊರು ಬಿಡುವುದು. ಅದಕ್ಕೆ ಇಡೀ ಒಂದು ವಾರ ಬೇಕು ಎಂದು ಯಾರೂ ಮೊದಲು ನಂಬುವುದಿಲ್ಲ. ನಾನು ಈ ಊರು ಬಿಟ್ಟೆ ಎಂದು ಪುರಸಭೆಗೆ ತಿಳಿಸಿ ಚೀಟಿ ಪಡೆಯಬೇಕು. ಕೋಣೆ ಬಿಡುವ ವಾರಕ್ಕಿಂತ ಮೊದಲು ಹೋದರೆ ಅವರು ಕೊಡುವುದಿಲ್ಲ. ಆ ಚೀಟಿ ತೋರಿಸಿದ ಮೇಲೆಯೇ ಬಾನುಲಿ ಶುಲ್ಕ ನಿಲ್ಲುವುದು. ಹೌದು, ಜರ್ಮನಿಯಲ್ಲಿ ಮನೆಗೊಂದರಂತೆ ತಿಂಗಳಿಗೆ 18.36 ಯೂರೊ ರೇಡಿಯೊ, ಟಿವಿ ಶುಲ್ಕ ಕಟ್ಟಬೇಕು. ರೇಡಿಯೊ ಇಟ್ಟುಕೊಂಡಿಲ್ಲ ಎಂದರೂ ಬಿಡುವುದಿಲ್ಲ. ಅಂಚೆ ಕಚೇರಿಯಲ್ಲಿ ರೇಡಿಯೊ ಲೈಸೆನ್ಸಿಗೆ ದುಡ್ಡು ಕಟ್ಟಿದ ನೆನಪಿರುವ ಹಿರಿಯ ಕೇಳುಗರಿಗೆ ಇದು ಆಶ್ಚರ್ಯವಲ್ಲ. ಆಮೇಲೆ ಆರೋಗ್ಯ ವಿಮೆ ನಿಲ್ಲಿಸಬೇಕು, ಅದಕ್ಕೆ ವಿಶ್ವವಿದ್ಯಾಲಯ ಹೆಸರು ತೆಗೆದ ಪತ್ರ ಬೇಕು. ಕೋಣೆಯ ಅಡ್ವಾನ್ಸ್ ಬರಲು ವಾರಗಳು ಹಿಡಿಯುತ್ತವೆ, ಹಾಗಾಗಿ ಬ್ಯಾಂಕ್ ಖಾತೆ ಮಾತ್ರ ಕೊನೆಗೆ ಮುಚ್ಚಬೇಕು.

ಆ ಸೀಮೆಯಲ್ಲಿ ಮೆಟ್ಟಿಲು, ಓಣಿ ಗುಡಿಸುವುದು ವಾರಕ್ಕೊಬ್ಬ ಬಾಡಿಗೆದಾರರ ಪಾಳಿ. ಪಾಳಿ ಬಂದವರ ಬಾಗಿಲಿಗೆ ಒಂದು ಫಲಕ ತೂಗುಹಾಕುತ್ತಾರೆ. ಪರೀಕ್ಷೆ ಇದೆ, ನಾಳೆ ವಿಮಾನ ಇದೆ ಎಂದರೆ ಫಲಕ ಪಕ್ಕದ ಬಾಗಿಲಿಗೆ ಹೋಗುವುದಿಲ್ಲ. ಕೊನೆಯ ವಾರ ಮಂಚದಡಿ ಸೇರಿದ ಖಾಲಿ ಬಾಟಲಿಗಳನ್ನೆಲ್ಲ ಅಂಗಡಿಯ ಯಂತ್ರಕ್ಕೆ ಹಾಕಿದರೆ ಪ್ಲಾಸ್ಟಿಕ್ಕಿಗೆ 25 ಸೆಂಟು ವಾಪಸು ಬರುತ್ತದೆ. ಒಂದು ಹೊತ್ತಿನ ಊಟ ಅದರಲ್ಲೇ ಆಗುತ್ತದೆ. ಕೊಡೆ, ದಪ್ಪ ಹೊದಿಕೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ‘ಉಚಿತ’ ಎಂದು ಬರೆದು ಬೀದಿಯಲ್ಲಿಟ್ಟರೆ ಸಂಜೆಯೊಳಗೆ ಖಾಲಿ. ಕುಕ್ಕರನ್ನು ಮಾತ್ರ ಹಾಗೆ ಇಡಬೇಡಿ. ಮುಂದಿನ ಸೆಮಿಸ್ಟರಿಗೆ ಬರುವ ನಮ್ಮ ಕಡೆಯ ಮಕ್ಕಳಿಗೆ ಅದರ ಸೀಟಿ ಬೇಕಾಗುತ್ತದೆ.

ಇಷ್ಟೆಲ್ಲದರ ನಡುವೆ ಕೊನೆಯ ತರಗತಿ ತಪ್ಪಿಸಬೇಡಿ. ವಿಮಾನದ ಟಿಕೆಟ್ ಅಗ್ಗ ಸಿಕ್ಕಿತೆಂದು ಅದಕ್ಕೂ ಮೊದಲೇ ಹೊರಡುವವರಿದ್ದಾರೆ. ಅಲ್ಲಿ ಉಪನ್ಯಾಸ ಮುಗಿದಾಗ ಚಪ್ಪಾಳೆ ಇಲ್ಲ, ಎಲ್ಲರೂ ಬೆರಳ ಗೆಣ್ಣಿನಿಂದ ಡೆಸ್ಕು ತಟ್ಟುತ್ತಾರೆ. ದಿನದಿನದ ತಟ್ಟುವಿಕೆ ನಾಲ್ಕಾರು ಕ್ಷಣದ್ದು. ಕೊನೆಯ ದಿನ ಅದು ನಿಲ್ಲುವುದೇ ಇಲ್ಲ, ಪ್ರಾಧ್ಯಾಪಕರು ಕಾಗದ ಜೋಡಿಸಿಕೊಂಡು ಬಾಗಿಲು ದಾಟುವವರೆಗೂ ಹಲಗೆಗಳು ಗುಡುಗುತ್ತಿರುತ್ತವೆ.

ಊರಿಗೆ ಬಂದು ಬರೆಯುತ್ತೇನೆ ಎನ್ನುವವರಿಗೆ ಒಂದು ಮಾತು. ಬರೆಯುವುದು ಎಲ್ಲಿ ಬೇಕಾದರೂ ಆಗುತ್ತದೆ ಎಂದು ನಾನೇ ಹೇಳಿದೆ. ಆದರೆ ಆಗಸ್ಟಿನಲ್ಲಿ ನೀವು ಇಳಿಯುವ ಹೊತ್ತಿಗೆ ಇಲ್ಲಿಯ ಕಾಲೇಜಿನಲ್ಲಿ ಹೊಸ ಸೆಮಿಸ್ಟರ್ ಶುರುವಾಗಿ ಹಾಜರಿ ಕಡಿಮೆ ಬಿದ್ದಿರುತ್ತದೆ. ಮನೆಯಲ್ಲಿ ಶ್ರಾವಣ. ದಿನಕ್ಕೊಬ್ಬರು ನೋಡಲು ಬರುತ್ತಾರೆ. ಅದರ ಹಿಂದೆಯೇ ಗಣಪತಿ ಕೂರುತ್ತಾನೆ. ಕಣ್ಣು ಬಿಡುವಷ್ಟರಲ್ಲಿ ಸೆಪ್ಟೆಂಬರ್ 30. ಆ ಪ್ರಬಂಧ ಹೋಗದಿದ್ದರೆ ಅಲ್ಲಿಂದ ಅಂಕಪಟ್ಟಿ ಬರುವುದಿಲ್ಲ, ಅಂಕಪಟ್ಟಿ ಬರದಿದ್ದರೆ ಇಲ್ಲಿ ಆ ಕ್ರೆಡಿಟ್ಟುಗಳು ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಪ್ರಶ್ನೆ, ಟಿಪ್ಪಣಿ ಮತ್ತು ಮೊದಲ ಕರಡು ಇಷ್ಟು ಅಲ್ಲೇ ಮುಗಿದಿರಲಿ. ತಿದ್ದುವುದು ಊರಿನಲ್ಲಾಗಲಿ.

ಮುಂದಿನ ಏಪ್ರಿಲಿಗೆ ಹೊರಡುವ ಮಕ್ಕಳೇ, ಜೂನ್ ಮೊದಲ ವಾರ ಒಂದು ಹಾಳೆ ತೆಗೆದುಕೊಂಡು ಓದು, ನೋಡುವ ಊರುಗಳು, ಊರು ಬಿಡುವ ಕೆಲಸ ಎಲ್ಲವನ್ನೂ ಒಟ್ಟಿಗೆ ಬರೆಯಿರಿ. ಅಲ್ಲಿ ಮಾತ್ರ ಆಗುವವಕ್ಕೆ ಗುರುತು ಹಾಕಿ, ಅವಕ್ಕೆ ಮೊದಲು ತಾರೀಖು ಕೊಡಿ. ಪಟ್ಟಿ ಅರ್ಧಕ್ಕರ್ಧ ಚಿಕ್ಕದಾಗುತ್ತದೆ.

ತಂದೆತಾಯಂದಿರಿಗೂ ಒಂದು ವಿನಂತಿ. ಜುಲೈನಲ್ಲಿ ಮಗಳು ಫೋನ್ ಮಾಡಿ ಭಾನುವಾರ ಎಲ್ಲೋ ಹೋಗಿದ್ದೆ ಎಂದರೆ ‘ಓದುವುದು ಬಿಟ್ಟು ತಿರುಗುತ್ತಿದ್ದೀಯಾ’ ಎಂದು ಗದರಬೇಡಿ. ‘ಎಷ್ಟು ದೇಶ ಆಯಿತು’ ಎಂದೂ ಕೇಳಬೇಡಿ. ಏನು ನೋಡಿದೆ ಎಂದು ಕೇಳಿ. ಅರ್ಧ ಗಂಟೆ ಬಿಡದೆ ಹೇಳಿದಳು ಎಂದರೆ ನಿಮ್ಮ ದುಡ್ಡು ಸರಿಯಾದ ಕಡೆಗೇ ಖರ್ಚಾಗಿದೆ ಎಂದು ತಿಳಿಯಿರಿ.